ಮೊಂಡಾದ್ರೆ ಮಸೀಬಹುದು, ಮುರಿದ್ರೆ?

ಈ ವಾರ ಬೀಜ, ಗೊಬ್ಬರ, ಔಷಧಿ ಮಾತು ಬೇಡ. ನಾವು ದಿನಾ ಕೈಯಲ್ಲಿ ಹಿಡಿಯೋ ಕೊಯ್ತಾ, ಕುಡಗೋಲು, ಚಾಕುವಿನ ಬಗ್ಗೆ ಮಾತಾಡೋಣ. ಮೊಬೈಲ್ ಕೊಳ್ಳೋವಾಗ ಹತ್ತು ವಿಡಿಯೋ ನೋಡ್ತೀವಿ, ಕೊಯ್ತಾ ಕೊಳ್ಳೋವಾಗ ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿ ದುಡ್ಡು ಕೊಡ್ತೀವಿ. ನಾನೂ ಹಾಗೇ ಇದ್ದೆ. ಹೋದ ಸುಗ್ಗಿಯಲ್ಲಿ ಒಂದು ಸಂಜೆ ಆದದ್ದು ನನಗೆ ಬುದ್ಧಿ ಕಲಿಸ್ತು.

ನನ್ನ ಊರು ರಾಯಾಪುರ. ಹುಬ್ಬಳ್ಳಿ–ಧಾರವಾಡದ ನಡುವೆ, ಪಿ.ಬಿ. ರಸ್ತೆ ಮೇಲೆ. ಮುಂದೆ ಚಿಗರಿ ಬಸ್ಸು, ಕಾರ್ಖಾನೆ ಶೆಡ್ಡು. ಹಿಂದೆ ಉಳಿದಷ್ಟು ಹೊಲ. ನಮ್ಮದು ಸ್ವಲ್ಪ ಎರಿ ಹೊಲ, ಹಿಂಗಾರಿಗೆ ಜೋಳ, ಕಡ್ಲಿ. ಮನೆಯಲ್ಲಿ ಎರಡು ಎಮ್ಮೆ. ಕಣಿಕಿ ಕಡಿದು ಹಾಕೋದು ನನ್ನ ಸಂಜೆ ಕೆಲಸ.

ಗ್ಯಾರೇಜಿನಲ್ಲಿ ಕೆಲಸ ಮಾಡೋ ಗೆಳೆಯ ಒಬ್ಬ ಸವೆದ ದೊಡ್ಡ ಕಾನಸ್ ಒಂದನ್ನು ಕೊಟ್ಟ. ಕಾನಸ್ ಅಂದ್ರೆ ಕಬ್ಬಿಣ ತಿಕ್ಕೋ ಅರ. ಅದರಿಂದ ಒಳ್ಳೇ ಚಾಕು ಆಗ್ತದೆ ಅಂತ ಮೊಬೈಲಿನಲ್ಲಿ ನೋಡಿದ್ದೆ. ಗ್ರೈಂಡರ್ ಹಿಡಿದು, ನೀರಿನಲ್ಲಿ ಅದ್ದಿ ಅದ್ದಿ ಎರಡು ದಿನ ತಿಕ್ಕಿದೆ. ಜಾಲಿ ಕಟ್ಟಿಗೆಯ ಹಿಡಿಕಿ ಹಾಕಿದೆ. ಏನು ಹರಿತ ಅಂತೀರಿ! ಕಾಗದ ಗಾಳಿಯಲ್ಲಿ ಹಿಡಿದು ಕೊಯ್ದರೂ ಕೊಯ್ತಿತ್ತು. ಒಂದು ವಾರ ಅವ್ವ ಅದರಲ್ಲೇ ಬದನಿಕಾಯಿ, ಉಳ್ಳಾಗಡ್ಡಿ ಹೆಚ್ಚಿದಳು, ಮಸಿಯೋ ಪ್ರಸಂಗವೇ ಬರಲಿಲ್ಲ. "ಇದು ಹಿಂಗ ಇರಲಿ" ಅಂದಳು.

ನಾನು ಅಲ್ಲಿಗೇ ಬಿಡಲಿಲ್ಲ. ಒಂದು ಸಂಜೆ ಕೊಯ್ತಾ ಮೊಂಡಾಗಿತ್ತು, ಮಸಿಯೋಕೆ ಬೇಸರ. ಅದೇ ಚಾಕು ಹಿಡಿದು ಕೊರಡಿನ ಮೇಲೆ ಕಣಿಕಿ ಕಡಿಯೋಕೆ ಕೂತೆ. ಹತ್ತು ಏಟು ಚೆನ್ನಾಗಿ ಹೋಯ್ತು. ಮುಂದಿನ ಏಟಿಗೆ 'ಟಣ್' ಅಂತು. ನೋಡಿದರೆ ತುದಿ ಇಲ್ಲ. ಹೆಬ್ಬೆರಳಿನ ಉಗುರಿನಷ್ಟು ತುಂಡು, ಎರಡೂ ಕಡೆ ಚೂಪು, ಕಡಿದು ಹಾಕಿದ ಮೇವಿನ ರಾಶಿಯೊಳಗೆ ಎಲ್ಲೋ ಹೋಗಿತ್ತು. ಅದರಲ್ಲಿ ಅರ್ಧ ಮೇವನ್ನು ಆಗಲೇ ಗ್ವಾದಲಿಗೆ ಸುರಿದಿದ್ದೆ. ಎಮ್ಮೆ ಬಾಯಿ ಹಾಕಿತ್ತು.

ದನ, ಎಮ್ಮೆ ಮೇವನ್ನು ನಮ್ಮ ಹಾಗೆ ಅಗಿದು ನೋಡಿ ನುಂಗೋದಿಲ್ಲ. ಮೊದಲು ನುಂಗ್ತಾವೆ, ಆಮೇಲೆ ಮೆಲುಕು ಹಾಕ್ತಾವೆ. ಮೊಳೆ, ತಂತಿ, ಲೋಹದ ಚೂರು ಹೊಟ್ಟೆಗೆ ಹೋದರೆ ಜೇನುಗೂಡಿನ ಹಾಗೆ ಇರೋ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಹೃದಯ ಬಹಳ ದೂರ ಇಲ್ಲ. ಚೂಪಾದದ್ದು ಆ ಗೋಡೆ ಚುಚ್ಚಿಕೊಂಡು ಮುಂದೆ ಹೋದರೆ ಮೇವು ಬಿಡ್ತಾವೆ, ಹಾಲು ಒಮ್ಮೆಲೇ ಇಳೀತದೆ, ಮುಂಗಾಲಿನ ಮೊಣಕೈ ಹೊರಗೆ ಮಾಡಿಕೊಂಡು ಬೆನ್ನು ಬಾಗಿಸಿ ನಿಲ್ತಾವೆ. ಎಷ್ಟೋ ಸಲ ಕಾರಣ ಗೊತ್ತಾಗೋ ಹೊತ್ತಿಗೆ ಕೈ ಮೀರಿರ್ತದೆ.

ಎಮ್ಮೆಯನ್ನು ಹಿಂದಕ್ಕೆ ಕಟ್ಟಿದೆ. ಮೇವೆಲ್ಲ ತಾಡಪತ್ರಿ ಮೇಲೆ ಹರವಿದೆ. ಹಳೇ ಸ್ಪೀಕರಿನ ಆಯಸ್ಕಾಂತವನ್ನು ಕೋಲಿಗೆ ಕಟ್ಟಿ, ಮೊಬೈಲ್ ಟಾರ್ಚ್ ಹಚ್ಚಿ, ನಾನೂ ಅವ್ವನೂ ಹಿಡಿ ಹಿಡಿಯಾಗಿ ಸೋಸಿದೆವು. ಸುಮಾರು ಒಂದು ತಾಸಿನ ಮೇಲೆ ತುಂಡು ಆಯಸ್ಕಾಂತಕ್ಕೆ 'ಟಕ್' ಅಂತ ಅಂಟಿತು. ಆ ಸದ್ದು ಕೇಳಿದಾಗ ಆದ ಸಮಾಧಾನ ಹೇಳೋಕೆ ಬರೋದಿಲ್ಲ. ಅವ್ವ ಒಂದೇ ಮಾತು ಅಂದಳು: "ಮೊಂಡ ಕೊಯ್ತಾನ ಚಲೋ ಇತ್ತಲ್ಲೋ."

ಗಟ್ಟಿ ಬೇರೆ, ತಾಳಿಕೆ ಬೇರೆ

ಮರುದಿನ ಮುರಿದ ಚಾಕು ತಗೊಂಡು ನಮ್ಮ ಕಡೆಯ ಕಂಬಾರ ಕಾಕಾನ ಕುಲುಮೆಗೆ ಹೋದೆ. ತಿದಿಯ ಜಾಗದಲ್ಲಿ ಈಗ ಕರೆಂಟಿನ ಬ್ಲೋವರ್ ಬಂದಿದೆ, ಉಳಿದದ್ದೆಲ್ಲ ಹಳೇದೇ.

"ಕಾಕಾ, ಕಾನಸ್ ಅಂದ್ರ ಎಲ್ಲಾಕ್ಕಿಂತ ಗಟ್ಟಿ ಉಕ್ಕಲ್ಲೇನು? ಯಾಕ ಮುರೀತು?" ಅಂತ ಕೇಳಿದೆ.

ಕಾಕಾ ತುಂಡನ್ನು ತಿರುಗಿಸಿ ನೋಡಿದ. "ಗಟ್ಟಿ ಐತಿ ಅಂತನ ಮುರೀತು, ತಮ್ಮಾ. ಗಾಜು ಸುದ್ದಾ ಗಟ್ಟಿನ ಇರತೈತಿ. ಮೊಂಡಾದ್ರ ಮಸೀಬಹುದು. ಮುರದ್ರ ಏನ ಮಾಡ್ತಿ?"

ಇಡೀ ವಿಷಯ ಆ ಮಾತಿನಲ್ಲೇ ಇದೆ. ನಾವು ಕತ್ತಿಯಿಂದ ಎರಡು ಗುಣ ಕೇಳ್ತೀವಿ. ಒಂದು, ಧಾರಿ ಬಹಳ ದಿನ ನಿಲ್ಲಬೇಕು. ಎರಡು, ಏಟು ತಿಂದರೂ ಮುರೀಬಾರದು, ಚಕ್ಕೆ ಏಳಬಾರದು. ಒಂದೇ ಉಕ್ಕಿನಲ್ಲಿ ಈ ಎರಡೂ ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಗಡಸುತನ ಏರಿಸಿದರೆ ಧಾರಿ ನಿಲ್ತದೆ, ತಾಳಿಕೆ ಇಳೀತದೆ. ತಾಳಿಕೆ ಹೆಚ್ಚಿಸಿದರೆ ಏಟು ತಡೀತದೆ, ಧಾರಿ ಬೇಗ ಹೋಗ್ತದೆ. ಎರಡನ್ನೂ ಪೂರ್ತಿ ಕೊಡ್ತೀನಿ ಅಂತ ಯಾರಾದ್ರೂ ಹೇಳಿದರೆ ಜೇಬು ಮುಟ್ಟಿ ನೋಡಿಕೊಳ್ಳಿ.

ಇದರ ಒಳಗಿನ ಲೆಕ್ಕ ಇಷ್ಟು. ಕಬ್ಬಿಣದಲ್ಲಿ ಸೇರಿರೋ ಇಂಗಾಲ ಎಷ್ಟು ಅನ್ನೋದರ ಮೇಲೆ ಅದು ಎಷ್ಟು ಗಡಸಾಗಬಲ್ಲದು ಅನ್ನೋದು ನಿಂತಿದೆ. ಮನೆ ಕಟ್ಟೋ ಸರಳಿನಲ್ಲಿ ಇಂಗಾಲ ಶೇ. 0.3ಕ್ಕಿಂತ ಕಡಿಮೆ, ಅದರಿಂದ ಕೊಯ್ತಾ ಮಾಡಿದರೆ ಧಾರಿ ನಿಲ್ಲೋದಿಲ್ಲ. ಲಾರಿಯ ಪಾಟಾ, ಅಂದ್ರೆ ಗಾಲಿ ಮೇಲಿನ ಕಮಾನು ಪಟ್ಟಿಯಲ್ಲಿ ಸುಮಾರು ಶೇ. 0.5ರಿಂದ 0.6, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಇರ್ತಾವೆ. ಬಾಗಿ ಮತ್ತೆ ಮೊದಲಿನ ಹಾಗೆ ಆಗೋದೇ ಅದರ ಕೆಲಸ. ಒಳ್ಳೇ ಕಾನಸಿನಲ್ಲಿ ಶೇ. 1ರಿಂದ 1.2ರಷ್ಟು. ಅದು ಬೇರೆ ಉಕ್ಕನ್ನೇ ತಿನ್ನಬೇಕಲ್ಲ, ಅದಕ್ಕೆ.

ಆದರೆ ಇಂಗಾಲ ಅರ್ಧ ಕಥೆ. ಉಳಿದ ಅರ್ಧ ಹದ. ಉಕ್ಕನ್ನು ಕೆಂಪಗೆ ಕಾಸಿ ಒಮ್ಮೆಲೇ ತಣಿಸಿದರೆ ಅದು ಅತೀ ಗಡಸಾಗ್ತದೆ, ಗಾಜಿನ ಹಾಗೆ. ಆಮೇಲೆ ಮತ್ತೆ ಸ್ವಲ್ಪ ಬಿಸಿ ಕೊಟ್ಟು ಆ ಸೊಕ್ಕು ಇಳಿಸಬೇಕು. ಕಾನಸನ್ನು ಕಾರ್ಖಾನೆಯವರು ಬೇಕಂತಲೇ ಹೆಚ್ಚು ಗಡಸು ಬಿಟ್ಟಿರ್ತಾರೆ, ಅದರಿಂದ ಯಾರೂ ಕಣಿಕಿ ಕಡಿಯೋದಿಲ್ಲ ಅಂತ. ನಾನು ನೀರಲ್ಲಿ ಅದ್ದಿ ಅದ್ದಿ ತಿಕ್ಕಿದ್ದರಿಂದ ಆ ಗಡಸುತನ ಹಾಗೇ ಉಳೀತು. ಸೊಕ್ಕು ಇಳಿಸೋ ಕೆಲಸ ನಾನು ಮಾಡಲೇ ಇಲ್ಲ. ತಪ್ಪು ಕಾನಸಿನದಲ್ಲ, ನನ್ನದು.

ಉಕ್ಕಿನ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಇಂಗಾಲ ಶೇ. 1.5ರ ಆಸುಪಾಸು ಇದ್ದ ದಕ್ಷಿಣ ಭಾರತದ ಮೂಸೆ ಉಕ್ಕು 'ವೂಟ್ಸ್' ಅನ್ನೋ ಹೆಸರಲ್ಲಿ ಯುರೋಪಿಗೆ ಹೋಗ್ತಿತ್ತು. ಆ ಹೆಸರು ನಮ್ಮ 'ಉಕ್ಕು' ಅನ್ನೋ ಮಾತಿನಿಂದಲೇ ಹುಟ್ಟಿದ್ದು ಅಂತ ಹಲವು ವಿದ್ವಾಂಸರು ಹೇಳ್ತಾರೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ತಯಾರಿಕೆ ಬಗ್ಗೆ ಬರೆದಿಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ ಮೈಕೆಲ್ ಫ್ಯಾರಡೆ, ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ 1820ರ ಸುಮಾರಿಗೆ ಇದೇ ಉಕ್ಕಿನ ಗುಟ್ಟು ಹುಡುಕಿದ. ಅಂಥ ಉಕ್ಕೇ ಆದರೂ ಬಿಸಿ ಕೊಡೋ ಕೈ ಸರಿ ಇಲ್ಲದಿದ್ದರೆ ಹಾಳು.

ಬಣ್ಣ ನೋಡಿ ಹದ

ಕಾಕಾ ನನಗೆ ಲಾರಿ ಪಾಟಾದಿಂದ ಒಂದು ಕೊಯ್ತಾ ಮಾಡಿಕೊಟ್ಟ. ಪಕ್ಕದಲ್ಲೇ ಕೂತು ನೋಡಿದೆ.

ಮೊದಲು ಪಾಟಾವನ್ನು ನೇತು ಹಾಕಿ ಸುತ್ತಿಗೆಯಿಂದ ಬಡಿದ. ಗಂಟೆ ಹಾಗೆ ನಾದ ಬಂದರೆ ಸರಿ, ಒಡಕು ದನಿ ಬಂದರೆ ಒಳಗೆ ಬಿರುಕು. ವರ್ಷಗಟ್ಟಲೆ ಭಾರ ಹೊತ್ತ ಪಾಟಾದಲ್ಲಿ ಕಣ್ಣಿಗೆ ಕಾಣದ ಬಿರುಕು ಇರ್ತಾವೆ. ಮುರಿದ ಪಾಟಾ ಆದರೆ ಮುರಿದ ಜಾಗದ ಹತ್ತಿರದ್ದನ್ನು ಬಿಡಬೇಕು ಅಂದ.

ಬಡಿದು ಆಕಾರ ಬಂದ ಮೇಲೆ ಮತ್ತೆ ಕಾಸಿದ. ಎಷ್ಟು ಕೆಂಪಾಗಬೇಕು? ಆಯಸ್ಕಾಂತ ಅಂಟೋದು ನಿಲ್ಲೋವರೆಗೆ, ಮೇಲೆ ಇನ್ನೊಂದಿಷ್ಟು. ಉಕ್ಕು ಸುಮಾರು 770 ಡಿಗ್ರಿಗೆ ಆಯಸ್ಕಾಂತಕ್ಕೆ ಅಂಟೋದು ಬಿಡ್ತದೆ. ಪಾಟಾ ಉಕ್ಕಿಗೆ ಅದಕ್ಕಿಂತ ಹೆಚ್ಚು, 850ರ ಆಸುಪಾಸು ಬೇಕು. ಹೆಚ್ಚು ಹೊತ್ತು ಅತಿಯಾಗಿ ಕಾಸಿದರೆ ಒಳಗಿನ ಕಣ ದೊಡ್ಡದಾಗಿ ಉಕ್ಕು ಪೆಡಸಾಗ್ತದೆ. ಅದಕ್ಕೇ ಕಾಕಾ ಬಿಸಿಲಲ್ಲಿ ಈ ಕೆಲಸ ಮಾಡೋದಿಲ್ಲ. ನೆರಳಿನಲ್ಲಿ ಮಾತ್ರ ಕೆಂಪಿನ ಬಣ್ಣ ಸರಿಯಾಗಿ ಕಾಣ್ತದೆ.

ಆಮೇಲೆ ಬಾಯಿ ಕಡೆಯ ಅಂಚನ್ನಷ್ಟೇ ಎಣ್ಣೆಯಲ್ಲಿ ಇಳಿಸಿದ, ಬೆನ್ನು ಹೊರಗೇ ಇತ್ತು. "ನೀರಾಗ ಹಾಕಿದ್ರ ಪಾಟಾ ಸೀಳಬಹುದು" ಅಂದ. ಎಣ್ಣೆಯಿಂದ ತೆಗೆದು ಇಟ್ಟಿಗೆ ತುಂಡಿನಿಂದ ಅಂಚು ತಿಕ್ಕಿ ಬೆಳ್ಳಗೆ ಮಾಡಿದ. ಬೆನ್ನಿನಲ್ಲಿ ಉಳಿದ ಬಿಸಿ ನಿಧಾನ ಬಾಯಿ ಕಡೆ ಹರಿದು ಬಂತು. ಬೆಳ್ಳಗಿದ್ದ ಜಾಗದ ಮೇಲೆ ಬಣ್ಣ ಓಡೋಕೆ ಶುರು ಆಯ್ತು. ಅದನ್ನು ಹೀಗೆ ಓದಬೇಕು:

• ಒಣ ಹುಲ್ಲಿನ ಹಳದಿ – ಸುಮಾರು 220–230 ಡಿಗ್ರಿ. ಧಾರಿ ಬಹಳ ನಿಲ್ತದೆ, ಏಟಿಗೆ ಆಗೋದಿಲ್ಲ. ಅಡಿಗಿ ಮನೆ ಚಾಕುವಿಗೆ ಸರಿ.
• ಬೆಲ್ಲದ ಕಂದು – ಸುಮಾರು 250–260. ಹೊಲದಲ್ಲಿ ಹಣ್ಣು ಬಿಡಿಸೋ, ಟೊಂಗೆ ಕೊಯ್ಯೋ ಚಾಕುವಿಗೆ.
• ಬದನಿಕಾಯಿ ಬಣ್ಣ – ಸುಮಾರು 270–280. ಕುಡಗೋಲಿಗೆ.
• ನವಿಲಿನ ಕೊರಳ ನೀಲಿ – ಸುಮಾರು 290–300. ಕೊಯ್ತಾ, ಕೊಡ್ಲಿಯಂಥ ಏಟಿನ ಸಾಮಾನಿಗೆ.

ಈ ಬಣ್ಣ, ಡಿಗ್ರಿ ಅಂದಾಜಿನವು. ಉಕ್ಕು ಬದಲಾದರೆ ಫಲವೂ ಸ್ವಲ್ಪ ಬದಲಾಗ್ತದೆ. ನನ್ನ ಕೊಯ್ತಾಕ್ಕೆ ನೀಲಿ ಬಾಯಿ ಮುಟ್ಟೋ ಹೊತ್ತಿಗೆ ಕಾಕಾ ಪೂರ್ತಿ ತಣಿಸಿಬಿಟ್ಟ. ಬಾಯಿ ಗಡಸು, ಬೆನ್ನು ಮೆತ್ತಗೆ. ಏಟನ್ನು ಬೆನ್ನು ತಡೀತದೆ, ಕೊಯ್ಯೋದನ್ನು ಬಾಯಿ ನೋಡಿಕೊಳ್ತದೆ. ಕಾರ್ಖಾನೆಯಲ್ಲಿ ತಗಡು ಕತ್ತರಿಸಿ ಮಾಡಿದ ಅಗ್ಗದ ಕೊಯ್ತಾದಲ್ಲಿ ಇಂಥ ಹದ ಸಿಗೋದು ಕಷ್ಟ. ಕೈಯಿಂದ ಮಾಡಿದ ಸಾಮಾನಿಗೆ ನಾವು ಕೊಡೋ ದುಡ್ಡು ಈ ಐದು ನಿಮಿಷದ ಕಣ್ಣಿಗೆ.

ಯಾವ ಕೆಲಸಕ್ಕೆ ಯಾವ ಗುಣ

ಕೊಳ್ಳೋ ಮೊದಲು ಉಕ್ಕಿನ ಹೆಸರು ಕೇಳಬೇಡಿ, ಕೆಲಸ ಏನು ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಕಡಿಯೋ ಕೆಲಸ ಇದ್ದರೆ, ಅಂದ್ರೆ ಕಣಿಕಿ, ಕಬ್ಬು, ಜಾಲಿ ಟೊಂಗೆ, ಅಲ್ಲಿ ತಾಳಿಕೆ ಮೊದಲು. ಗಂಟು, ಕಲ್ಲು, ಕೊರಡು ಎಲ್ಲಕ್ಕೂ ಬಾಯಿ ಬಡೀತದೆ. ಪಾಟಾದ್ದು, ನೀಲಿ ಹದದ್ದು, ಬಾಯಿ ಸ್ವಲ್ಪ ದಪ್ಪ ಇರೋದು ತಗೊಳ್ಳಿ. ದಿನಾ ಎರಡು ನಿಮಿಷ ಮಸಿಯೋಕೆ ತಯಾರಿರಿ.

ಎಳೆದು ಕೊಯ್ಯೋ ಕೆಲಸ, ಅಂದ್ರೆ ಜೋಳ, ಗೋದಿ, ಹುಲ್ಲು. ಇಲ್ಲಿ ಏಟು ಕಡಿಮೆ, ಸವೆತ ಜಾಸ್ತಿ. ಜೋಳ, ಕಬ್ಬು, ಹುಲ್ಲಿನ ಜಾತಿಯ ದಂಟಿನೊಳಗೆ ಸಿಲಿಕಾ ಕಣ ಇರ್ತಾವೆ, ಮೇಲೆ ಎರಿ ಮಣ್ಣಿನ ಧೂಳು ಬೇರೆ. ಎರಡೂ ಬಾಯಿಗೆ ಸಾಣೆಯ ಹಾಗೆ ತಿಕ್ತಾವೆ. ಕಾಯಿಪಲ್ಲೆ ಕೊಯ್ಯೋ ಚಾಕು ತಿಂಗಳು ನಿಲ್ಲೋವಾಗ ಕುಡಗೋಲು ಮಧ್ಯಾಹ್ನಕ್ಕೇ ಮೊಂಡಾಗೋದು ಇದಕ್ಕೇ. ಸ್ವಲ್ಪ ಗಡಸು ಹದ ನಡೀತದೆ. ಹಲ್ಲಿನ ಕುಡಗೋಲಿಗೆ ಪದೇ ಪದೇ ಮಸಿಯೋ ಕೆಲಸ ಇಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ 'ನವೀನ್' ಕುಡಗೋಲು ಈ ತರಹದ್ದು. ಆದರೆ ಹಲ್ಲು ಸವೆದ ಮೇಲೆ ಮನೆಯಲ್ಲಿ ಸರಿ ಮಾಡೋದು ಸುಲಭ ಅಲ್ಲ.

ನಯವಾಗಿ ಕೊಯ್ಯೋ ಕೆಲಸ, ಅಂದ್ರೆ ಕಸಿ ಕಟ್ಟೋದು, ನವಲೂರಿನವರ ಹಾಗೆ ಪೇರಲ ಟೊಂಗೆ ಸವರೋದು, ಅಡಿಗಿ. ಇಲ್ಲಿ ಧಾರಿ ಮೊದಲು. ಕಸಿ ಚಾಕು ಮೊಂಡಾದರೆ ತೊಗಟೆ ಹರಿದು ಗಾಯ ಬೇಗ ಮಾಯೋದಿಲ್ಲ. ಗಡಸು ಉಕ್ಕು, ತೆಳು ಬಾಯಿ ಇರಲಿ. ಆದರೆ ಈ ಚಾಕುವಿನಿಂದ ಏನನ್ನೂ ಕಡೀಬೇಡಿ, ಮೀಟಬೇಡಿ, ತಿರುವಬೇಡಿ. ನನ್ನ ಕಾನಸ್ ಚಾಕು ಅಡಿಗಿ ಮನೆಯಲ್ಲೇ ಇದ್ದಿದ್ದರೆ ಇಂದಿಗೂ ಪೂರ್ತಿ ಇರ್ತಿತ್ತೋ ಏನೋ.

ಕೊಳ್ಳೋವಾಗ ಐದು ಪರೀಕ್ಷೆ

1. ಸಣ್ಣ ಕಾನಸ್ ಒಂದನ್ನು ಜೇಬಲ್ಲಿ ಇಟ್ಟುಕೊಳ್ಳಿ. ಅಂಗಡಿಯವರನ್ನು ಕೇಳಿ, ಬಾಯಿಯ ಹಿಂದೆ ಮೆಲ್ಲಗೆ ತಿಕ್ಕಿ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಕಡಿಯೋ ಕೆಲಸಕ್ಕೆ ಬಹಳ ಗಡಸು. ಸೀಸದ ಹಾಗೆ ಕಿತ್ತು ಬಂದರೆ ಹದವೇ ಇಲ್ಲ. ಕಷ್ಟಪಟ್ಟು ಸ್ವಲ್ಪ ಹಿಡಿದರೆ ಸರಿ.

2. ಮನೆಗೆ ತಂದು ಮಸೆದ ಮೇಲೆ ಬಾಯಿಯನ್ನು ಹಿತ್ತಾಳೆ ಸರಳಿನ ಮೇಲೆ ಓರೆಯಾಗಿ ಒತ್ತಿ. ಬಾಯಿ ಕೂದಲೆಳೆಯಷ್ಟು ಬಾಗಿ ವಾಪಸ್ ಬಂದರೆ ಹದ ಸರಿ. ಬಾಗಿಯೇ ಉಳಿದರೆ ಮೆತ್ತಗೆ. ಚಕ್ಕೆ ಎದ್ದರೆ ಅತಿ ಗಡಸು. ಕಣ್ಣಿಗೆ ಕನ್ನಡಕ ಇರಲಿ.

3. ಹಿಡಿಕಿಯೊಳಗೆ ಹೋಗೋ ಬಾಲ ನೋಡಿ. ಅಲಗು ಬಾಲಕ್ಕೆ ಸೇರೋ ಮೂಲೆ ದುಂಡಗಿರಬೇಕು. ಚೌಕ ಮೂಲೆ ಇದ್ದರೆ ಏಟಿನ ಜೋರೆಲ್ಲ ಅಲ್ಲೇ ಸೇರಿ ಬಿರುಕು ಬಿಡ್ತದೆ. ಅಲಗು ಕೈಯಿಂದ ಕಳಚಿ ಹಾರೋದು ಚಕ್ಕೆ ಏಳೋದಕ್ಕಿಂತ ಅಪಾಯ.

4. ಬಾಯಿ ಹತ್ತಿರ ನೀಲಿ, ಕಪ್ಪು ಕಲೆ ಇದ್ದರೆ ಗ್ರೈಂಡರ್ ಬಿಸಿಯಿಂದ ಹದ ಸುಟ್ಟಿರಬಹುದು. ಕೇಳಿ, ಆಮೇಲೆ ಕೊಳ್ಳಿ.

5. ಕಂಬಾರರ ಹತ್ತಿರ ಮಾಡಿಸೋದಾದರೆ ಕೆಲಸ ಏನು ಅಂತ ಬಾಯಿ ಬಿಟ್ಟು ಹೇಳಿ. "ಚಲೋ ಕೊಯ್ತಾ ಬೇಕು" ಅಂದರೆ ಸಾಲದು. "ದಿನಾ ಕಣಿಕಿ ಕಡೀತೀನಿ, ಜೋಳಾನೂ ಕೊಯ್ತೀನಿ" ಅಂದರೆ ಅವರು ಹದ ಅದಕ್ಕೆ ತಕ್ಕಂತೆ ಇಡ್ತಾರೆ.

ಮಸಿಯೋದು, ಮೊಬೈಲಿನ ಉಪಯೋಗ

ಗ್ರೈಂಡರ್ ಹಿಡಿದು ಧಾರಿ ಹಾಕೋ ರೂಢಿ ನಮ್ಮ ಹುಡುಗರಲ್ಲಿ ಜಾಸ್ತಿ ಆಗಿದೆ. ಬಾಯಿ ತೆಳ್ಳಗಿರೋದರಿಂದ ಕೆಲವೇ ಸೆಕೆಂಡಿನಲ್ಲಿ 300 ಡಿಗ್ರಿ ದಾಟ್ತದೆ. ಒಮ್ಮೆ ನೀಲಿ ಏರಿ ಮುಂದೆ ಹೋಯ್ತು ಅಂದರೆ ಕಾಕಾನ ಹದ ಅಲ್ಲಿಗೆ ಮುಗೀತು. ಆಮೇಲೆ ಎಷ್ಟು ಮಸೆದರೂ ಧಾರಿ ನಿಲ್ಲೋದಿಲ್ಲ, "ಉಕ್ಕೇ ಸರಿ ಇಲ್ಲ" ಅಂತ ಕಂಬಾರನನ್ನು ಬೈತೀವಿ. ಗ್ರೈಂಡರ್ ಹಿಡಿಯಲೇಬೇಕು ಅಂದರೆ ಪಕ್ಕದಲ್ಲಿ ಬಕೆಟ್ ನೀರಿರಲಿ, ಬರಿ ಬೆರಳಿಗೆ ಬಿಸಿ ತಾಗಿದ ಕೂಡಲೇ ಅದ್ದಿ. ದಿನದ ಕೆಲಸಕ್ಕೆ ಎರಡು ಮುಖದ ಸಾಣೆಕಲ್ಲು ಸಾಕು. ಮೊದಲು ಉರುಟು ಮುಖ, ಆಮೇಲೆ ನಯ ಮುಖ. ಒಂದು ಮಗ್ಗಲು ಮಸೆದಾಗ ಇನ್ನೊಂದು ಮಗ್ಗಲಿಗೆ ಉಗುರಿಗೆ ತಾಗೋ ಸಣ್ಣ ತರಿ ಏಳ್ತದೆ. ಅದು ಎದ್ದ ಮೇಲೆ ಮಗ್ಗಲು ಬದಲಿಸಿ, ಕೊನೆಗೆ ಮೆಲ್ಲಗೆ ಆ ತರಿ ತೆಗೀರಿ.

ಕೋನ ಎಷ್ಟು? ಕಾಗದದ ಮೂಲೆ 90 ಡಿಗ್ರಿ. ಒಮ್ಮೆ ಮಡಚಿದರೆ 45, ಮತ್ತೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಆ ಮಡಿಕೆಯನ್ನು ಕಲ್ಲಿನ ಮೇಲಿಟ್ಟು ನೋಡಿ. ಕೊಯ್ತಾ ಅದಕ್ಕಿಂತ ಸ್ವಲ್ಪ ಎತ್ತರಿಸಿ ಹಿಡೀರಿ, ಪ್ರತಿ ಮಗ್ಗಲಿಗೆ 25–30 ಡಿಗ್ರಿ. ಅಡಿಗಿ ಚಾಕು ಅದಕ್ಕಿಂತ ತಗ್ಗಿಸಿ, 15–20. ಚಕ್ಕೆ ಏಳೋ ಕೊಯ್ತಾ ಎಷ್ಟೋ ಸಲ ಕೋನ ದಪ್ಪ ಮಾಡಿದರೆ ಸರಿ ಹೋಗ್ತದೆ, ಹೊಸದು ಕೊಳ್ಳಬೇಕಿಲ್ಲ.

ರಾತ್ರಿ ಟಾರ್ಚ್ ಹಚ್ಚಿ ಬಾಯಿಯನ್ನು ನಿಮ್ಮ ಕಡೆ ತಿರುಗಿಸಿ ನೋಡಿ. ಹರಿತ ಇದ್ದ ಕಡೆ ಏನೂ ಕಾಣೋದಿಲ್ಲ, ಮೊಂಡಾದ ಕಡೆ ಬಿಳಿ ಗೆರೆ ಹೊಳೀತದೆ. ಕ್ಯಾಮೆರಾದಲ್ಲಿ ಜೂಮ್ ಮಾಡಿ ಒಂದು ಫೋಟೋ ತೆಗೀರಿ. ಬಾಯಿ ಒಂದೇ ಸಮ ಸವೆದಿದ್ದರೆ ಹದ, ಕೋನ ಎರಡೂ ಸರಿ. ಮಡಚಿ ಮಲಗಿದ್ದರೆ ಹದ ಮೆತ್ತಗೆ ಅಥವಾ ಬಾಯಿ ಬಹಳ ತೆಳು. ಚಂದ್ರನ ಹಾಗೆ ಚಕ್ಕೆ ಎದ್ದಿದ್ದರೆ ಗಡಸು ಹೆಚ್ಚು. ಆ ಫೋಟೋ ಕಂಬಾರರಿಗೆ ತೋರಿಸಿ, ಮುಂದಿನ ಸಲ ಹದ ಅದಕ್ಕೆ ತಕ್ಕಂತೆ ಬದಲಿಸ್ತಾರೆ.

ಇನ್ನೊಂದು ಮಾತು. ಮೇವು ಕಡಿಯೋ ಜಾಗದಲ್ಲಿ ಒಂದು ಆಯಸ್ಕಾಂತ ತೂಗು ಹಾಕಿ. ಕೆಲಸ ಮುಗಿದ ಮೇಲೆ ಮೇವಿನ ಮೇಲೆ ಒಮ್ಮೆ ಆಡಿಸಿ, ಬಾಯಿಯನ್ನೂ ಒಮ್ಮೆ ನೋಡಿ. ಚಕ್ಕೆ ಹೋಗಿದ್ದರೆ ಸಿಗೋವರೆಗೂ ಆ ಮೇವು ಹಾಕಬೇಡಿ. ನುಂಗಿದ ಅನುಮಾನ ಇದ್ದರೆ ಕಾಯಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ. ಹೊಟ್ಟೆಯೊಳಗೇ ಆಯಸ್ಕಾಂತ ಬಿಟ್ಟು ಲೋಹವನ್ನು ಹಿಡಿದಿಡೋ ಪದ್ಧತಿ ಅವರಲ್ಲಿದೆ.

ಮುರಿದ ಕಾನಸ್ ಚಾಕು ಏನಾಯ್ತು ಅಂತ ಕೇಳಬಹುದು. ಎಸೀಲಿಲ್ಲ. ಉಳಿದ ಭಾಗಕ್ಕೆ ಹೊಸ ತುದಿ ಮಾಡಿದೆ. ಬಿರುಕು ಶುರು ಆಗೋದು ಕಾನಸಿನ ಹಳೇ ಹಲ್ಲಿನ ಗೆರೆಯಿಂದಲೇ ಅಂತ ಕಾಕಾ ಹೇಳಿದ್ದಕ್ಕೆ ಅವನ್ನೆಲ್ಲ ತಿಕ್ಕಿ ನುಣ್ಣಗೆ ಮಾಡಿದೆ. ನವನಗರದ ಅಕ್ಕನ ಮನೆಯ ಕೇಕ್ ಮಾಡೋ ಓವನಿನಲ್ಲಿ 220 ಡಿಗ್ರಿಗೆ ಒಂದೊಂದು ತಾಸು, ಎರಡು ಸಲ ಇಟ್ಟೆ. "ಕಬ್ಬಿಣಕ್ಕ ಬೇಕರಿ ಇಟ್ಟೀ ಏನೋ?" ಅಂತ ಅಕ್ಕ ನಕ್ಕಳು. ಒಣ ಹುಲ್ಲಿನ ಹಳದಿ ಬಣ್ಣ ಬಂತು. ಈಗ ಅದು ಗಿಡ್ಡ ಚಾಕು, ಅವ್ವನ ಅಡಿಗಿ ಮನೆಯಲ್ಲಿ ಇದೆ. ಧಾರಿ ಮೊದಲಿಗಿಂತ ಸ್ವಲ್ಪ ಬೇಗ ಹೋಗ್ತದೆ. ನಾನು ಹದಿನೈದು ದಿನಕ್ಕೊಮ್ಮೆ ಮಸೆದು ಕೊಡ್ತೀನಿ.

ಕಣಿಕಿ ಕಡಿಯೋದು ಮಾತ್ರ ಪಾಟಾ ಕೊಯ್ತಾದಿಂದ. ದಿನಾ ಸಂಜೆ ಎರಡು ನಿಮಿಷ ಕಲ್ಲಿಗೆ ಹಾಕ್ತೀನಿ, ಎಮ್ಮೆ ಅಷ್ಟೊತ್ತು ಕಾಯ್ತದೆ.